ಮೂರು ದಿನದ ಸೂರು, ನಲವತ್ತು ವರ್ಷದ ಬಾಳು

2022ರ ಮಾರ್ಚ್ ತಿಂಗಳು. ಶ್ರೀಲಂಕಾದಲ್ಲಿ ಅಕ್ಕಿ, ಹಾಲಿನ ಪುಡಿ, ಸೀಮೆಎಣ್ಣೆ ಯಾವುದೂ ಬಡವರ ಕೈಗೆ ಎಟುಕದ ಕಾಲ. ಇದ್ದ ಒಡವೆ, ಸಾಮಾನು ಮಾರಿ ದೋಣಿಯವನಿಗೆ ದುಡ್ಡು ಕೊಟ್ಟ ಕೆಲವು ತಮಿಳು ಕುಟುಂಬಗಳು ರಾತ್ರಿ ಸಮುದ್ರಕ್ಕಿಳಿದವು. ದೋಣಿಯವನು ಅವರನ್ನು ಧನುಷ್ಕೋಡಿ ಹತ್ತಿರದ ಮರಳು ದಿಬ್ಬದ ಮೇಲೆ ಇಳಿಸಿ ವಾಪಸ್ ಹೋದ. ಸುತ್ತ ನೀರು, ಮೇಲೆ ಬಿಸಿಲು, ಜೊತೆಗೆ ಸಣ್ಣ ಮಕ್ಕಳು. ನಮ್ಮ ಕರಾವಳಿ ಕಾವಲು ಪಡೆಯವರು ಹೋಗಿ ಕರೆತಂದರು.

ದಡ ಮುಟ್ಟಿದ ಮೇಲೆ ಮೊದಲು ಆಗಿದ್ದೇನು? ಪಾಸ್‌ಪೋರ್ಟ್ ಇಲ್ಲದೆ ಬಂದಿದ್ದಾರೆಂದು ಕೇಸು. ಮೊದಮೊದಲು ಬಂದವರನ್ನು ಕೋರ್ಟಿಗೆ ಹಾಜರುಪಡಿಸಿದ್ದೂ ಆಯಿತು. ಆಮೇಲೆ ತಮಿಳುನಾಡು ಸರ್ಕಾರ ಮನಸ್ಸು ಬದಲಿಸಿ ಅವರನ್ನು ಮಂಡಪಂ ಕ್ಯಾಂಪಿಗೆ ಕಳಿಸಿತು. ಮುಂದೆ ಹೀಗೆ ಬಂದವರು ಇನ್ನೂರು ದಾಟಿದರು.

ಗಮನಿಸಿ. 1983ರಿಂದ ಇದೇ ದಡಕ್ಕೆ ಇದೇ ನೀರು ದಾಟಿ ಜನ ಬರುತ್ತಿದ್ದಾರೆ. ತಲೈಮನ್ನಾರ್‌ನಿಂದ ಧನುಷ್ಕೋಡಿಗೆ ಇರುವುದು ಸುಮಾರು 30 ಕಿಲೋಮೀಟರ್. ನಲವತ್ತು ವರ್ಷದ ಅನುಭವ ಇರುವ ಸರ್ಕಾರಕ್ಕೆ, ಮತ್ತೊಂದು ದೋಣಿ ಬಂದಾಗ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಜೈಲೋ ಕ್ಯಾಂಪೋ ಎಂದು ಅವತ್ತು ಕೂತು ಯೋಚಿಸಬೇಕಾಯಿತು.

ನನ್ನ ತಕರಾರು ಇಷ್ಟೇ. ಸಮುದ್ರ ದಾಟಿ ಬರುವವರಿಗೆ ನಮ್ಮ ಸರ್ಕಾರಗಳು ಸೂರು ಕೊಟ್ಟಿವೆ, ಅನ್ನವನ್ನೂ ಕೊಟ್ಟಿವೆ. ಆದರೆ ಎಂದೂ ಯೋಜನೆ ಮಾಡಿಲ್ಲ. "ಇವರು ನಾಳೆ ಹೋಗುತ್ತಾರೆ" ಎಂಬ ಒಂದು ಸುಳ್ಳನ್ನು ತಾವೇ ನಂಬಿಕೊಂಡು, ಆ ಸುಳ್ಳಿನ ಅಳತೆಗೆ ಮನೆ ಕಟ್ಟಿವೆ. ಆ ಸುಳ್ಳಿನೊಳಗೆ ಮೂರು ತಲೆಮಾರು ಹುಟ್ಟಿ ಬೆಳೆದಿದೆ.

ಎಷ್ಟು ಜನ, ಯಾವಾಗ ಬಂದರು?

1983ರ ಜುಲೈನಲ್ಲಿ ಕೊಲಂಬೊ ಮತ್ತಿತರ ಕಡೆ ತಮಿಳರ ಮೇಲೆ ಭೀಕರ ಹಿಂಸೆ ನಡೆಯಿತು. ಅಂಗಡಿ, ಮನೆ ಸುಟ್ಟರು, ಜನರನ್ನು ಕೊಂದರು. ಆಗ ಮೊದಲ ದೊಡ್ಡ ಅಲೆ ರಾಮೇಶ್ವರದ ಕಡೆ ಬಂತು. 1990ರಲ್ಲಿ ಯುದ್ಧ ಮತ್ತೆ ಶುರುವಾದಾಗ ಎರಡನೇ ಅಲೆ. 1996ರ ನಂತರ ಮೂರನೆಯದು. 2006ರಿಂದ ನಾಲ್ಕನೆಯದು. 2009ರ ಮೇನಲ್ಲಿ ಯುದ್ಧ ಮುಗಿಯಿತು. ಕೇಂದ್ರ ಗೃಹ ಇಲಾಖೆಯ ಲೆಕ್ಕದಲ್ಲೇ 1983ರಿಂದ 2012ರ ತನಕ ಬಂದವರು 3 ಲಕ್ಷಕ್ಕೂ ಹೆಚ್ಚು. 1995ರೊಳಗೆ ಒಂದು ಲಕ್ಷದಷ್ಟು ಜನರನ್ನು ಸರ್ಕಾರವೇ ವಾಪಸ್ ಕಳಿಸಿತು. ಆಮೇಲೆ ಸರ್ಕಾರ ಮುಂದೆ ನಿಂತು ಸಾಮೂಹಿಕವಾಗಿ ಕಳಿಸಿದ್ದಿಲ್ಲ.

ಉಳಿದವರು? 2021ರ ಹೊತ್ತಿಗೂ ತಮಿಳುನಾಡಿನ ನೂರಕ್ಕೂ ಹೆಚ್ಚು ಕ್ಯಾಂಪುಗಳಲ್ಲಿ 58 ಸಾವಿರದಷ್ಟು ಜನ ಇದ್ದರು. ಕ್ಯಾಂಪಿನ ಹೊರಗೆ, ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಿಕೊಂಡು ಬದುಕುತ್ತಿದ್ದವರು ಇನ್ನೂ 34 ಸಾವಿರ. ಇವರಲ್ಲಿ ಎಷ್ಟೋ ಮಂದಿ ಶ್ರೀಲಂಕಾವನ್ನು ಕಣ್ಣಲ್ಲೇ ಕಂಡಿಲ್ಲ. ಹುಟ್ಟಿದ್ದು ಇಲ್ಲಿ, ಶಾಲೆ ಇಲ್ಲಿ, ಮದುವೆ ಇಲ್ಲಿ. ಆದರೂ ಹೆಸರು "ನಿರಾಶ್ರಿತ".

ಮಂಡಪಂ ಕ್ಯಾಂಪಿನ ಕಥೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಪಾಂಬನ್ ಸೇತುವೆಯ ಈಚೆ ದಡದಲ್ಲಿರುವ ಈ ಕ್ಯಾಂಪು ಬ್ರಿಟಿಷರ ಕಾಲದ್ದು. ಸಿಲೋನಿನ ಟೀ ತೋಟಗಳಿಗೆ ಕೂಲಿಗೆ ಹೋಗುವ ನಮ್ಮ ಜನರನ್ನು, ಕಾಲರಾ, ಸಿಡುಬು ಇದೆಯೇ ಎಂದು ನೋಡಲು ಕೆಲವು ದಿನ ಇಲ್ಲಿ ಕೂಡಿಹಾಕಿ ಆಮೇಲೆ ಹಡಗು ಹತ್ತಿಸುತ್ತಿದ್ದರು. ಅಂದರೆ ಅದು ಮನೆ ಎಂದು ಕಟ್ಟಿದ್ದೇ ಅಲ್ಲ, ಕೆಲವು ದಿನದ ತಂಗುದಾಣ. ಅಲ್ಲಿಂದ ಹೋದ ಕೂಲಿಗಳ ಮೊಮ್ಮಕ್ಕಳು, ಮರಿಮಕ್ಕಳು ಜೀವ ಉಳಿಸಿಕೊಳ್ಳಲು ಓಡಿಬಂದಾಗ ಸರ್ಕಾರಕ್ಕೆ ಸಿಕ್ಕಿದ ಜಾಗ ಮತ್ತೆ ಅದೇ ಮಂಡಪಂ.

ಎಮ್ಮೆಯ ಲೆಕ್ಕ

ಅಲೆ ಬಂದಾಗ ಸರ್ಕಾರ ಕೈಗೆ ಸಿಕ್ಕಿದಲ್ಲಿ ಜನರನ್ನು ಇಟ್ಟಿತು. ಗೋದಾಮು, ಚಂಡಮಾರುತದ ಆಸರೆ ಕಟ್ಟಡ, ಖಾಲಿ ಬಿದ್ದ ಶೆಡ್ಡು. ಒಂದು ದೊಡ್ಡ ಹಾಲಿನಲ್ಲಿ ಹಲವು ಕುಟುಂಬಗಳ ನಡುವೆ ಸೀರೆಯೇ ಗೋಡೆ. ಮೊದಲ ವಾರಕ್ಕೆ ಅದು ತಪ್ಪಲ್ಲ. ಪ್ರವಾಹ ಬಂದಾಗ ನಾವೂ ಶಾಲೆಯಲ್ಲಿ ಮಲಗುತ್ತೇವೆ.

ಆಮೇಲೆ ಕಟ್ಟಿದ ಕ್ಯಾಂಪು ಮನೆಗಳಲ್ಲಿ ಬಹಳಷ್ಟು 10 ಅಡಿ ಉದ್ದ, 10 ಅಡಿ ಅಗಲದವು. ಟಾರ್ಪಾಲು, ಸೋಗೆ, ಶೀಟು. ಲೆಕ್ಕ ಹಾಕೋಣ. 100 ಚದರಡಿಯಲ್ಲಿ ಐದು ಜನ ಅಂದರೆ ತಲೆಗೆ 20 ಚದರಡಿ. ಅಡುಗೆ ಅದರಲ್ಲೇ, ಮಗುವಿನ ತೊಟ್ಟಿಲು ಅದರಲ್ಲೇ, ಹೊಸದಾಗಿ ಮದುವೆಯಾದ ಮಗ ಸೊಸೆ ಅದರಲ್ಲೇ.

ಸ್ಫಿಯರ್ ಎಂಬ ಅಂತಾರಾಷ್ಟ್ರೀಯ ಕೈಪಿಡಿಯೊಂದಿದೆ. ಯುದ್ಧ, ಭೂಕಂಪ, ನೆರೆಯಂಥ ಆಪತ್ತಿನಲ್ಲಿ ಕೆಲಸ ಮಾಡುವವರು ಅದನ್ನು ಅನುಸರಿಸುತ್ತಾರೆ. ಅದರ ಪ್ರಕಾರ ತುರ್ತಿನಲ್ಲೂ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್, ಅಂದರೆ ಸುಮಾರು 38 ಚದರಡಿ ಮಾಡಿನ ಕೆಳಗಿನ ಜಾಗ ಬೇಕು. ಇಪ್ಪತ್ತು ಜನಕ್ಕೆ ಒಂದು ಶೌಚಾಲಯ ಬೇಕು. ನಮ್ಮ ಪಶುಪಾಲನೆಯ ಪುಸ್ತಕ ತೆಗೆದು ನೋಡಿ, ಕೊಟ್ಟಿಗೆಯಲ್ಲಿ ಒಂದು ಎಮ್ಮೆಗೆ ಸುಮಾರು 40 ಚದರಡಿ ನೆರಳು ಬೇಕು ಅನ್ನುತ್ತದೆ. ತಲೆಗೆ 20 ಚದರಡಿ ಕೊಟ್ಟವರು ಮನುಷ್ಯನಿಗೆ ಎಮ್ಮೆಯ ಅರ್ಧ ಪಾಲು ಕೊಟ್ಟಂತಾಯಿತು. ಅದೂ ಒಂದು ತಿಂಗಳಿಗಲ್ಲ, ಮೂವತ್ತು ವರ್ಷಕ್ಕೆ.

ಇದು ಬಡತನದಿಂದ ಆದದ್ದಲ್ಲ. "ತಾತ್ಕಾಲಿಕ" ಎಂಬ ಪದದಿಂದ ಆದದ್ದು. ಫೈಲಿನ ಮೇಲೆ ತಾತ್ಕಾಲಿಕ ಎಂದು ಬರೆದರೆ ಎಂಜಿನಿಯರ್ ಪಾಯ ಹಾಕುವುದಿಲ್ಲ. ಪಂಚಾಯ್ತಿ ಚರಂಡಿ ಮಾಡುವುದಿಲ್ಲ. ಹಣಕಾಸು ಇಲಾಖೆ ರಿಪೇರಿಗೆ ದುಡ್ಡು ಇಡುವುದಿಲ್ಲ. ಮಳೆಗೆ ಮಾಡು ಹಾರಿದಾಗ ಮತ್ತೊಂದು ಟಾರ್ಪಾಲು ಬರುತ್ತದೆ. ಮೂವತ್ತು ವರ್ಷ ಟಾರ್ಪಾಲಿಗೆ ಸುರಿದ ದುಡ್ಡಿನಲ್ಲಿ ಒಂದೇ ಸಲ ಗೋಡೆ ಏಳಿಸಬಹುದಿತ್ತು ಎಂದು ಯಾರೂ ಕೇಳುವುದಿಲ್ಲ. ಯಾಕೆಂದರೆ ಗೋಡೆ ಕಟ್ಟಿದರೆ "ಇವರು ಇರುತ್ತಾರೆ" ಎಂದು ಒಪ್ಪಿಕೊಂಡಂತೆ.

ನಾನು ಕೃಷ್ಣಾ ತೀರದವನು. 2019ರ ನೆರೆ ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ. ಆಗ ಕಟ್ಟಿದ ತಗಡಿನ ಶೆಡ್ಡಿನಲ್ಲಿ ಬೇಸಿಗೆ ಕಳೆದವರನ್ನು ಕೇಳಿ, ತಾತ್ಕಾಲಿಕ ಅಂದರೆ ಏನು ಎಂದು ಅವರು ಹೇಳುತ್ತಾರೆ. ಅವರಿಗೆ ಒಂದು ಧೈರ್ಯವಿತ್ತು. ಕೈಯಲ್ಲಿ ವೋಟಿತ್ತು, ಎಮ್ಮೆಲ್ಲೆ ಮನೆ ಮುಂದೆ ಹೋಗಿ ಕೂಗಬಹುದಿತ್ತು. ಕ್ಯಾಂಪಿನವರಿಗೆ ಅದೂ ಇಲ್ಲ.

ಒಳ್ಳೆಯದನ್ನೂ ಹೇಳಬೇಕು

ತಮಿಳುನಾಡು ಸರ್ಕಾರ ಏನೂ ಮಾಡಿಲ್ಲ ಅಂದರೆ ಸುಳ್ಳಾಗುತ್ತದೆ. ತಿಂಗಳ ಸಹಾಯಧನ, ರೇಷನ್ ಅಕ್ಕಿ, ಶಾಲೆ, ಸರ್ಕಾರಿ ಆಸ್ಪತ್ರೆ ಎಲ್ಲ ಕೊಟ್ಟಿದೆ. ಕ್ಯಾಂಪಿನ ಮಕ್ಕಳು ಡಿಗ್ರಿ ಮುಗಿಸಿದ್ದಾರೆ, ಎಂಜಿನಿಯರಿಂಗ್ ಓದಿದ್ದಾರೆ. 2021ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ವಿಧಾನಸಭೆಯಲ್ಲಿ 317 ಕೋಟಿ ರೂಪಾಯಿಯ ಯೋಜನೆ ಘೋಷಿಸಿದರು. ಹಾಳಾದ 7,469 ಮನೆಗಳನ್ನು ಹೊಸದಾಗಿ ಕಟ್ಟುವುದು ಅದರ ಮುಖ್ಯ ಭಾಗ. ಕುಟುಂಬದ ಮುಖ್ಯಸ್ಥರ ಸಹಾಯಧನ ಸಾವಿರದಿಂದ 1,500 ಆಯಿತು. "ನಿರಾಶ್ರಿತರ ಕ್ಯಾಂಪು" ಎಂಬ ಹೆಸರು ತೆಗೆದು "ಪುನರ್ವಸತಿ ಕ್ಯಾಂಪು" ಎಂದರು. 2023ರಲ್ಲಿ ಮೊದಲ ಕಂತಿನ ಮನೆಗಳ ಕೀಲಿ ಕೊಟ್ಟರು. ಸುಮಾರು 300 ಚದರಡಿಯ ಪಕ್ಕಾ ಮನೆ. ಐದು ಜನಕ್ಕೆ ತಲೆಗೆ 60 ಚದರಡಿ. ಎಮ್ಮೆಯನ್ನು ಕೊನೆಗೂ ದಾಟಿದರು.

ಚಪ್ಪಾಳೆ ತಟ್ಟೋಣ. ಆದರೆ 1983ಕ್ಕೂ 2021ಕ್ಕೂ ನಡುವೆ 38 ವರ್ಷ ಇದೆ ಎನ್ನುವುದನ್ನು ಮರೆಯಬೇಡಿ. ಬಂದಾಗ ತೊಟ್ಟಿಲಲ್ಲಿದ್ದ ಕೂಸು ಪಕ್ಕಾ ಗೋಡೆ ನೋಡುವ ಹೊತ್ತಿಗೆ ನಡುವಯಸ್ಸು ದಾಟುತ್ತಿತ್ತು.

ಹೊಸ ಮನೆಗೂ ಒಂದು ಕೊರತೆ ಇದೆ. ಅದರ ಬಾಗಿಲಿಗೆ ಚಿಲಕ ಇದೆ, ಒಳಗಿರುವವನ ಕೈಯಲ್ಲಿ ಕಾಗದ ಇಲ್ಲ. ಶರಣಾರ್ಥಿಗಳ ಬಗೆಗಿನ 1951ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಮ್ಮಲ್ಲಿ ಶರಣಾರ್ಥಿಗೆಂದೇ ಒಂದು ಕಾನೂನಿಲ್ಲ. ಹೀಗಾಗಿ ದೋಣಿಯಲ್ಲಿ ಬಂದವನು ಕಾನೂನಿನ ಕಣ್ಣಲ್ಲಿ "ಅಕ್ರಮ ವಲಸಿಗ". 2019ರಲ್ಲಿ ಪೌರತ್ವ ಕಾಯ್ದೆಗೆ ತಿದ್ದುಪಡಿ ತಂದಾಗ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದ ಹೆಸರು ಬಂತು, ಶ್ರೀಲಂಕಾದ ಹೆಸರು ಬರಲಿಲ್ಲ. 2025ರಲ್ಲಿ ಕೇಂದ್ರ ಒಂದು ಆದೇಶ ಹೊರಡಿಸಿ, 2015ರ ಜನವರಿ 9ರ ತನಕ ಬಂದು ನೋಂದಣಿಯಾದ ಶ್ರೀಲಂಕಾ ತಮಿಳರ ಮೇಲೆ ಪಾಸ್‌ಪೋರ್ಟ್, ವೀಸಾ ಇಲ್ಲದ್ದಕ್ಕೆ ಶಿಕ್ಷೆ ಇಲ್ಲ ಎಂದಿತು. ಜೈಲಿನ ಭಯ ಹೋಯಿತು, ಪೌರತ್ವ ಬರಲಿಲ್ಲ. ಆ ತಾರೀಖಿನ ನಂತರ ಬಂದವರಿಗೆ, ಅಂದರೆ 2022ರ ಮರಳು ದಿಬ್ಬದ ಮಕ್ಕಳಿಗೆ, ಅದೂ ಇಲ್ಲ.

ಕಾಗದ ಇಲ್ಲದಿದ್ದರೆ ಏನಾಗುತ್ತದೆ? ಡಿಗ್ರಿ ಇದ್ದರೂ ಸರ್ಕಾರಿ ಕೆಲಸ ಇಲ್ಲ. ಓದಿದ ಹುಡುಗರು ಮನೆಗಳಿಗೆ ಪೇಂಟ್ ಹೊಡೆಯಲು ಹೋಗುತ್ತಾರೆ. ಊರು ಬಿಟ್ಟು ದೂರ ಹೋಗಬೇಕಾದರೆ ಅಧಿಕಾರಿಗೆ ಹೇಳಬೇಕು, ಹಾಜರಿ ದಿನಕ್ಕೆ ವಾಪಸ್ ಬಂದು ತಲೆ ಎಣಿಸಿಕೊಳ್ಳಬೇಕು. ತಲೆ ಎಣಿಸುವ ಜಾಗಕ್ಕೆ ಮನೆ ಅನ್ನುತ್ತಾರೆಯೇ?

ಒಬ್ಬ ಹೆಣ್ಣುಮಗಳ ಕಥೆ ಪೇಪರಿನಲ್ಲಿ ಬಂದಿತ್ತು. 1986ರಲ್ಲಿ ಮಂಡಪಂ ಕ್ಯಾಂಪಿನಲ್ಲೇ ಹುಟ್ಟಿದವರು. ನಮ್ಮ ಕಾನೂನಿನ ಪ್ರಕಾರ 1987ರ ಜುಲೈ 1ಕ್ಕೆ ಮೊದಲು ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಆದರೂ ಅವರು ಪಾಸ್‌ಪೋರ್ಟಿಗಾಗಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. 2022ರಲ್ಲಿ ಕೋರ್ಟು ಅವರ ಪರ ಹೇಳಿತು. 2024ರ ಲೋಕಸಭಾ ಚುನಾವಣೆಯಲ್ಲಿ, 38ನೇ ವಯಸ್ಸಿನಲ್ಲಿ, ಮೊದಲ ಸಲ ವೋಟು ಹಾಕಿದರು. ಅಷ್ಟೂ ವರ್ಷ ಅವರು ಭಾರತೀಯರೇ ಆಗಿದ್ದರು, ಯಾರೂ ಅವರಿಗೆ ಹೇಳಿರಲಿಲ್ಲ.

ನಮ್ಮ ರಾಜ್ಯ ಮಾಡಿ ತೋರಿಸಿದ್ದು

"ಇದೆಲ್ಲ ಹೇಳಲು ಸುಲಭ, ಮಾಡಲು ಆಗುವುದಿಲ್ಲ" ಅನ್ನುವವರು ಬೈಲಕುಪ್ಪೆಗೆ ಹೋಗಿ ಬನ್ನಿ. ಟಿಬೆಟಿನವರು ಸಮುದ್ರ ದಾಟಿ ಬಂದವರಲ್ಲ, ಹಿಮಾಲಯ ದಾಟಿ ಬಂದವರು. 1960ರ ಆಸುಪಾಸಿನಲ್ಲಿ ಆಗಿನ ಮೈಸೂರು ರಾಜ್ಯ ಅವರಿಗೆ ಸುಮಾರು 3,000 ಎಕರೆ ಜಾಗ ಕೊಟ್ಟಿತು. ಕಾಡು ಕಡಿದು ಹೊಲ ಮಾಡಿದರು, ಆನೆ ಕಾಟ ಅನುಭವಿಸಿದರು, ಜೋಳ ಬೆಳೆದರು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯೂ ಇಂಥ ನೆಲೆಗಳಾದವು. ಮನೆಯ ಜೊತೆ ಹೊಲ, ಸಹಕಾರ ಸಂಘ, ಶಾಲೆ, ಆಸ್ಪತ್ರೆ, ಅವರದೇ ಮಠ. ಅವರೂ ಒಂದು ದಿನ ಹೋಗುತ್ತೇವೆ ಎಂದೇ ಹೇಳುತ್ತಾರೆ. ಆದರೆ ಯೋಜನೆ ಮಾಡಿದವರು "ಹೋಗುವ ತನಕ ಬದುಕಬೇಕಲ್ಲ" ಎಂದು ಯೋಚಿಸಿದರು. ಅಲ್ಲಿ ಎಲ್ಲ ಸರಿಯಿದೆ ಎಂದಲ್ಲ. ಆದರೆ ಕೊಟ್ಟಿದ್ದು ಕ್ಯಾಂಪಲ್ಲ, ಊರು.

ಸುಳ್ಯ, ಪುತ್ತೂರು, ಸುಬ್ರಹ್ಮಣ್ಯದ ಕಡೆಯ ನಮ್ಮ ಓದುಗರಿಗೆ ಇನ್ನೊಂದು ಉದಾಹರಣೆ ಗೊತ್ತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. ಸಿಲೋನಿನ ತೋಟದ ತಮಿಳರಲ್ಲಿ 5,25,000 ಜನರನ್ನು ಭಾರತ ತೆಗೆದುಕೊಳ್ಳಬೇಕು ಎಂದಾಯಿತು. ಹಾಗೆ ಹಡಗಿನಲ್ಲಿ ಬಂದ ಕೆಲವು ಕುಟುಂಬಗಳಿಗೆ ದಕ್ಷಿಣ ಕನ್ನಡದ ಸರ್ಕಾರಿ ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಕೆಲಸ, ಇರಲು ಕ್ವಾರ್ಟರ್ಸ್ ಕೊಟ್ಟರು. ಜೊತೆಗೆ ಪೌರತ್ವ. ಇವತ್ತು ಅವರ ಮೊಮ್ಮಕ್ಕಳು ಕನ್ನಡ, ತುಳು ಮಾತಾಡುತ್ತಾರೆ. ಅದರಲ್ಲೂ ಕುಂದಿದೆ. ಕೆಲಸಕ್ಕೆ ಅಂಟಿಸಿದ ಮನೆ ಸ್ವಂತ ಮನೆ ಅಲ್ಲ, ಕೂಲಿ ಲೈನಿನಿಂದ ಕೂಲಿ ಲೈನಿಗೆ ಬಂದ ಹಾಗೆ ಆಯಿತು. ಆದರೂ ಕೈಯಲ್ಲಿ ಕಾಗದ ಇದ್ದುದರಿಂದ ಅವರು ಜಗಳ ಆಡಬಲ್ಲರು, ಅರ್ಜಿ ಕೊಡಬಲ್ಲರು, ವೋಟು ಹಾಕಬಲ್ಲರು.

ಅದೇ ತೋಟದ ತಮಿಳರ ಬಂಧುಗಳು ಹತ್ತಿಪ್ಪತ್ತು ವರ್ಷ ತಡವಾಗಿ, ಒಪ್ಪಂದದ ಹಡಗಿನ ಬದಲು ಕಳ್ಳ ದೋಣಿಯಲ್ಲಿ ಬಂದರು. ಅವರಿಗೆ ಸಿಕ್ಕಿದ್ದು ಟಾರ್ಪಾಲು.

ಮೂರು ಮಾತಿಗೆ ಉತ್ತರ

ಕಟ್ಟೆ ಮೇಲೆ ಈ ವಿಷಯ ಎತ್ತಿದರೆ ಮೂರು ಮಾತು ಬಂದೇ ಬರುತ್ತದೆ.

ಒಂದು: "ನಮ್ಮವರಿಗೇ ಮನೆ ಇಲ್ಲ, ಹೊರಗಿನವರಿಗೆ ಯಾಕೆ?" ನ್ಯಾಯವಾದ ಸಿಟ್ಟು. ಪಂಚಾಯ್ತಿ ಮನೆಗೆ ಹತ್ತು ವರ್ಷ ಕಾದವರನ್ನು ನಾನೂ ಕಂಡಿದ್ದೇನೆ. ಆದರೆ ನಮ್ಮವರ ಮನೆ ತಪ್ಪಿದ್ದು ಮಂಡಪಂನವರಿಂದಲ್ಲ. ಎರಡೂ ಕಡೆ ಬಡವನಿಗೆ ಅರ್ಧಂಬರ್ಧ ಸೂರು ಕೊಟ್ಟು ಮರೆತುಬಿಡುವ ರೋಗ ಒಂದೇ. ಕ್ಯಾಂಪಿನವನ ಟಾರ್ಪಾಲು ಕಿತ್ತುಕೊಂಡರೆ ನಮ್ಮವನ ಮನೆಗೆ ಹೆಂಚು ಬರುವುದಿಲ್ಲ.

ಎರಡು: "ಒಳ್ಳೆ ಮನೆ ಕೊಟ್ಟರೆ ಇನ್ನಷ್ಟು ಜನ ಬರುತ್ತಾರೆ." ಬಂದ ವರ್ಷಗಳನ್ನು ನೋಡಿ. 1983, 1990, 1996, 2006. ಪ್ರತಿ ಸಲವೂ ಅಲ್ಲಿ ಬೆಂಕಿ ಬಿದ್ದಾಗ ಬಂದರು. ಯುದ್ಧ ಮುಗಿದ ಮೇಲೆ ಇಲ್ಲಿ ರೇಷನ್, ಸಹಾಯಧನ ಮುಂದುವರಿದೇ ಇತ್ತು, ಆದರೂ ಅಲೆ ನಿಂತಿತು. 2022ರಲ್ಲಿ ಅಲ್ಲಿ ಒಲೆ ಆರಿತು, ಮತ್ತೆ ಬಂದರು. ಹಸುಗೂಸನ್ನು ಕಟ್ಟಿಕೊಂಡು ರಾತ್ರಿ ಸಮುದ್ರಕ್ಕಿಳಿಯುವ ತಾಯಿ 300 ಚದರಡಿ ಮನೆಯ ನಕ್ಷೆ ನೋಡಿ ಹೊರಡುವುದಿಲ್ಲ.

ಮೂರು: "ಭದ್ರತೆ." 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಅದು ಸಣ್ಣ ವಿಷಯವಲ್ಲ. ಬಂದವರ ವಿಚಾರಣೆ ಆಗಲಿ, ಅನುಮಾನ ಇದ್ದವರ ಮೇಲೆ ಕಣ್ಣಿಡಲಿ, ತಪ್ಪು ಮಾಡಿದವನಿಗೆ ಶಿಕ್ಷೆಯಾಗಲಿ. ಆದರೆ ಎಪ್ಪತ್ತು ವರ್ಷದ ಅಜ್ಜಿಯ ತಲೆ ಎಣಿಸಿದರೆ ದೇಶಕ್ಕೆ ಯಾವ ಭದ್ರತೆ ಬರುತ್ತದೆ? ಯಾರೋ ಮಾಡಿದ ಪಾಪಕ್ಕೆ ಇಡೀ ಕೇರಿಗೆ ಬಹಿಷ್ಕಾರ ಹಾಕುವುದು ಎಂಥ ನ್ಯಾಯವೆಂದು ಹಳ್ಳಿಯವರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

2025ರ ಮೇನಲ್ಲಿ ಸುಪ್ರೀಂ ಕೋರ್ಟು ಒಬ್ಬ ಶ್ರೀಲಂಕಾ ತಮಿಳನ ಅರ್ಜಿ ತಳ್ಳಿಹಾಕುವಾಗ, ಎಲ್ಲ ಕಡೆಯವರಿಗೂ ಜಾಗ ಕೊಡಲು ಭಾರತ ಧರ್ಮಶಾಲೆಯಲ್ಲ ಎಂಬ ಅರ್ಥದ ಮಾತಾಡಿತು. ಆತ ಶಿಕ್ಷೆ ಅನುಭವಿಸಿದ ಅಪರಾಧಿ, ಆ ಕೇಸಿನ ಚರ್ಚೆ ಬೇರೆ. ಆದರೆ ಆ ಒಂದು ವಾಕ್ಯ ಮೊಬೈಲಿನಿಂದ ಮೊಬೈಲಿಗೆ ಹಾರಿ ಎಲ್ಲರ ಮೇಲೂ ಬಿತ್ತು. ಧರ್ಮಛತ್ರ ಅಂದರೇನು? ದಾರಿಹೋಕ ಎರಡು ಮೂರು ದಿನ ಇದ್ದು ಹೋಗುವ ಜಾಗ. ಕ್ಯಾಂಪಿನವರು ಕೇಳುತ್ತಿರುವುದು ಅದನ್ನಲ್ಲ. ನಾವೇ ಅವರನ್ನು ನಲವತ್ತು ವರ್ಷ ಛತ್ರದಲ್ಲಿ ಕೂರಿಸಿದ್ದೇವೆ. ಅವರು ಛತ್ರದಿಂದ ಹೊರಗೆ ಬಿಡಿ ಅನ್ನುತ್ತಿದ್ದಾರೆ.

ಏನು ಮಾಡಬೇಕು?

ಮೊದಲನೆಯದು, ಮುಂದಿನ ದೋಣಿ ಬರುವ ಮೊದಲೇ ಬರೆದಿಟ್ಟ ಯೋಜನೆ ಬೇಕು. ಯಾರು ಎದುರುಗೊಳ್ಳಬೇಕು, ಎಲ್ಲಿ ಊಟ, ಎಲ್ಲಿ ಡಾಕ್ಟರು, ಎಷ್ಟು ದಿನದಲ್ಲಿ ನೋಂದಣಿ ಎಂಬುದು. ದಡ ಮುಟ್ಟಿದವರಿಗೆ ಮೊದಲು ನೀರು ಕೊಡಿ, ಎಫ್‌ಐಆರ್ ಆಮೇಲೆ.

ಎರಡನೆಯದು, ತಾತ್ಕಾಲಿಕ ಎಂಬ ಪದಕ್ಕೆ ಗಡುವು ಹಾಕಿ. ಆರು ತಿಂಗಳು ಟಾರ್ಪಾಲು ಸರಿ. ಆಮೇಲೂ ಜನ ಇದ್ದರೆ ಪಾಯ ತೋಡಬೇಕು. ನಕ್ಷೆ ಬಿಡಿಸುವಾಗ ಕ್ಯಾಂಪಿನ ಹೆಂಗಸರನ್ನು ಕೂರಿಸಿಕೊಂಡು ಕೇಳಬೇಕು. ಶೌಚಾಲಯಕ್ಕೆ ರಾತ್ರಿ ಎಷ್ಟು ದೂರ ನಡೆಯಬೇಕು ಎಂಬುದು ಅವರಿಗೆ ಗೊತ್ತು.

ಮೂರನೆಯದು, ಮನೆಯ ಕೀಲಿಯ ಜೊತೆ ಕಾಗದ ಕೊಡಿ. ಇಲ್ಲೇ ಹುಟ್ಟಿದವರಿಗೆ, ದಶಕಗಳಿಂದ ಇಲ್ಲಿರುವವರಿಗೆ ಪೌರತ್ವದ ದಾರಿ ತೆರೆಯಿರಿ. ವಾಪಸ್ ಹೋಗಬೇಕು ಅನ್ನುವವರಿಗೆ ಮರ್ಯಾದೆಯಿಂದ ಹೋಗಲು ನೆರವಾಗಿ. ಆಯ್ಕೆ ಅವರದಾಗಲಿ.

ಇಷ್ಟು ಮಾಡಲು ಹೊಸ ತತ್ವ ಬೇಕಿಲ್ಲ. ಬೈಲಕುಪ್ಪೆಯಲ್ಲಿ ಅರವತ್ತು ವರ್ಷದ ಹಿಂದೆ ಅರ್ಧದಷ್ಟನ್ನು ಮಾಡಿದ್ದೇವೆ. ಸುಳ್ಯದಲ್ಲಿ ಇನ್ನರ್ಧ ಮಾಡಿದ್ದೇವೆ. ಎರಡನ್ನೂ ಒಂದೇ ಕಡೆ ಸೇರಿಸಲು ಮಾತ್ರ ದಿಲ್ಲಿಗೆ ಇನ್ನೂ ಪುರುಸೊತ್ತಾಗಿಲ್ಲ.

ಮನೆಗೆ ನೆಂಟರು ಬಂದರೆ ನಾವು ಚಾಪೆ ಹಾಸುತ್ತೇವೆ. ನೆಂಟರು ಅಲ್ಲೇ ನಿಂತರೆ, ಅವರಿಗೆ ಮಕ್ಕಳಾದರೆ, ಆ ಮಕ್ಕಳು ನಮ್ಮ ಶಾಲೆಗೇ ಹೋದರೆ, ಒಂದು ದಿನ ಚಾಪೆ ಮಡಿಚಿಟ್ಟು ಕೋಣೆ ತೋರಿಸಲೇಬೇಕು. ಮೊಮ್ಮಕ್ಕಳ ಕಾಲಕ್ಕೂ ಚಾಪೆಯ ಮೇಲೇ ಕೂರಿಸಿ ದಿನಾ ಬೆಳಗ್ಗೆ ತಲೆ ಎಣಿಸುವ ಮನೆಯನ್ನು ನಮ್ಮ ಊರಲ್ಲಿ ಯಾರೂ ಒಳ್ಳೆ ಮನೆ ಅನ್ನುವುದಿಲ್ಲ.